ಸಣ್ಣ ಉದ್ಯಮದ ಲೋಗೋ: ರಬ್ಬರ್ ಸ್ಟ್ಯಾಂಪಿನಿಂದ ಆರಂಭಿಸಿ

ಸಣ್ಣ ಉದ್ಯಮಕ್ಕೆ ಲೋಗೋ ಮಾಡಿಸಲು ಹೊರಡುವವರು ವಿನ್ಯಾಸಕಾರರ ಮುಂದಿಡುವ ಬೇಡಿಕೆಗಳ ಪಟ್ಟಿ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಮನೆದೇವರ ಚಿತ್ರ ಇರಬೇಕು, ಮಾರುವ ಪದಾರ್ಥ ಕಾಣಬೇಕು, ಸಂಪ್ರದಾಯದ ಕಳೆಯೂ ಹೊಸತನವೂ ಒಟ್ಟಿಗೆ ತೋರಬೇಕು, ಹೆಸರಿನ ಕೆಳಗೊಂದು ಘೋಷವಾಕ್ಯ ಬೇಕು, ಅದರ ಕೆಳಗೆ ವ್ಯಾಪಾರ ಆರಂಭವಾದ ವರ್ಷ ಬೇಕು. ಇಷ್ಟನ್ನೂ ತುಂಬಿದ ಚಿತ್ರ ಕಂಪ್ಯೂಟರಿನ ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದೇ ಚಿತ್ರವನ್ನು ಬಿಲ್ಲಿನ ಮೂಲೆಗೆ, ರಬ್ಬರ್ ಸ್ಟ್ಯಾಂಪಿಗೆ, ವಾಟ್ಸ್‌ಆ್ಯಪ್‌ನ ಪುಟ್ಟ ವೃತ್ತಕ್ಕೆ ಇಳಿಸಿದಾಗ ಅದು ಮಸಿಯ ಮುದ್ದೆಯಾಗುತ್ತದೆ. ಇದು ಚಿತ್ರ ಬರೆದವರ ಕೈ ತಪ್ಪಲ್ಲ. ಲೋಗೋದಿಂದ ಯಾವ ಕೆಲಸ ನಿರೀಕ್ಷಿಸಬೇಕು ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಹೀಗಾಗುತ್ತದೆ.

ಒಮ್ಮೆ ಕೊಂಡವರು ಇನ್ನೊಮ್ಮೆ ಬಂದಾಗ ಅಂಗಡಿಯ ಸಾಲಿನಲ್ಲಿ ಅದೇ ಸರಕನ್ನು ತಡಕಾಡದೆ ಗುರುತಿಸುವಂತೆ ಮಾಡುವುದೇ ಲೋಗೋದ ಕೆಲಸ. ರುಚಿಯನ್ನು ಸರಕು ತಿಳಿಸುತ್ತದೆ, ಬೆಲೆ ಮತ್ತು ಪದಾರ್ಥಗಳನ್ನು ಲೇಬಲ್ ತಿಳಿಸುತ್ತದೆ, ಉದ್ಯಮದ ಕಥೆಯನ್ನು ಮಾಲೀಕರೇ ಹೇಳಬಹುದು. ಈ ಹೊಣೆಗಳನ್ನೆಲ್ಲ ಒಂದಂಗುಲದ ಚಿತ್ರದ ಮೇಲೆ ಹೊರಿಸಿದರೆ ಗುರುತಾಗುವ ಅದರ ಮೂಲ ಕೆಲಸವೇ ಕೆಡುತ್ತದೆ. ಬ್ರಿಟನ್ನಿನ ಟ್ರೇಡ್‌ಮಾರ್ಕ್ ನೋಂದಣಿ ಪುಸ್ತಕದಲ್ಲಿ 1876ರ ಆರಂಭದಲ್ಲಿ ಮೊದಲ ಸಂಖ್ಯೆ ಪಡೆದದ್ದು ಬಾಸ್ ಎಂಬ ಬಿಯರ್ ಕಂಪನಿಯ ಕೆಂಪು ತ್ರಿಕೋನ. ತ್ರಿಕೋನಕ್ಕೂ ಬಿಯರಿಗೂ ಯಾವ ನಂಟೂ ಇಲ್ಲ. ಆದರೂ ಬಾಟಲಿ ಯಾರದೆಂದು ದೂರದಿಂದಲೇ ತಿಳಿಯುತ್ತಿತ್ತು. ನಮ್ಮ ದೇಶದಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ನೀಲಿ ವೃತ್ತ ಇಂಥದ್ದೇ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ ರೂಪಿಸಿದ ಆ ಗುರುತನ್ನು ಬ್ಯಾಂಕು 1971ರಲ್ಲಿ ಅಳವಡಿಸಿಕೊಂಡಿತು. ಅದು ಬೀಗದ ಕೀಲಿಕಿಂಡಿ ಎಂದು ಕೆಲವರು ಹೇಳುತ್ತಾರೆ, ಅಹಮದಾಬಾದಿನ ಕಾಂಕರಿಯಾ ಕೆರೆಯ ಆಕಾರ ಎಂದು ಇನ್ನು ಕೆಲವರು ವಾದಿಸುತ್ತಾರೆ. ಪಾಸ್‌ಬುಕ್ ಹಿಡಿದು ಸರದಿಯಲ್ಲಿ ನಿಂತವರಿಗೆ ಈ ವಾದದಿಂದ ಆಗಬೇಕಾದದ್ದು ಏನೂ ಇಲ್ಲ, ಏಕೆಂದರೆ ಅರ್ಥ ಏನೇ ಇದ್ದರೂ ಬ್ಯಾಂಕು ಯಾವುದೆಂದು ಅವರಿಗೆ ಗೊತ್ತಾಗಿದೆ.

ಕುಟುಂಬ ಯೋಜನೆಯ ತಲೆಕೆಳಗಾದ ಕೆಂಪು ತ್ರಿಕೋನವನ್ನೂ ಇಲ್ಲಿ ನೆನೆಯಬೇಕು. ಒಂದು ಅಳತೆಪಟ್ಟಿ, ಒಂದು ಡಬ್ಬಿ ಕೆಂಪು ಬಣ್ಣ ಇದ್ದರೆ ಯಾವ ಹಳ್ಳಿಯ ಗೋಡೆಯ ಮೇಲೂ ಯಾರು ಬೇಕಾದರೂ ಅದನ್ನು ತಪ್ಪಿಲ್ಲದೆ ಬರೆಯಬಹುದಾಗಿತ್ತು. ದೇಶದ ಮೂಲೆಮೂಲೆಗೂ ಅದು ತಲುಪಿದ್ದರಲ್ಲಿ ಈ ಸುಲಭತೆಯ ಪಾಲು ದೊಡ್ಡದು. ಆ್ಯಪಲ್ ಕಂಪನಿಯ 1976ರ ಮೊದಲ ಲೋಗೋದಲ್ಲಿ ಮರದಡಿ ಕುಳಿತ ನ್ಯೂಟನ್, ತಲೆಯ ಮೇಲೆ ಹಣ್ಣು, ಸುತ್ತಲೂ ಅಕ್ಷರಗಳು ಎಲ್ಲವೂ ಇದ್ದವು. ಮರುವರ್ಷವೇ ವಿನ್ಯಾಸಕಾರ ರಾಬ್ ಜಾನಾಫ್ ಅದನ್ನು ಕಚ್ಚಿದ ಸೇಬಿಗೆ ಇಳಿಸಿದರು. ಕಚ್ಚಿದ ಗುರುತಿಗೂ ಒಂದು ಕಾರಣವಿತ್ತು: ಚಿಕ್ಕದಾಗಿ ಮುದ್ರಿಸಿದಾಗ ಸೇಬು ಚೆರ್ರಿಯಂತೆ ಕಾಣಬಾರದು.

ಇದಕ್ಕೆ ಅಪವಾದವೂ ನಮ್ಮಲ್ಲೇ ಇದೆ. ಮೈಸೂರು ಸ್ಯಾಂಡಲ್ ಸೋಪಿನ ಮೇಲಿರುವ, ಆನೆಯ ತಲೆ ಮತ್ತು ಸಿಂಹದ ದೇಹದ ಶರಭ ಸರಳವಾದ ಚಿತ್ರವೇನಲ್ಲ. ಆದರೆ ಶತಮಾನದ ಹಿಂದೆ ಮೈಸೂರು ಸಂಸ್ಥಾನ ಆರಂಭಿಸಿದ ಸಾಬೂನು ಕಾರ್ಖಾನೆಯ ಹಿಂದೆ ಸರ್ಕಾರದ ಬಲವಿತ್ತು, ಅಜ್ಜಿಯಿಂದ ಮೊಮ್ಮಗಳವರೆಗೆ ಸಾಗಿಬಂದ ಬಳಕೆಯಿತ್ತು. ಮೊನ್ನೆ ಆಹಾರ ಸುರಕ್ಷತೆಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನಲ್ಲಿ ನೋಂದಣಿ ಮಾಡಿಸಿ ವಾರಕ್ಕೆ ನೂರು ಪೊಟ್ಟಣ ಮಾರುವವರಿಗೆ ಅಷ್ಟು ಕಾಲವೂ ಇಲ್ಲ, ಜಾಹೀರಾತಿನ ಹಣವೂ ಇಲ್ಲ. ಕಡಿಮೆ ಸಲ ಕಣ್ಣಿಗೆ ಬಿದ್ದರೂ ನೆನಪಿನಲ್ಲಿ ಉಳಿಯುವಂಥ ಗುರುತು ಅವರಿಗೆ ಬೇಕು, ಮತ್ತು ಸರಳತೆಯ ಅಗತ್ಯ ದೊಡ್ಡ ಕಂಪನಿಗಿಂತ ಅವರಿಗೇ ಹೆಚ್ಚು.

ವಿಷಯವನ್ನು ಒಂದು ಉದಾಹರಣೆಯ ಮೇಲೆ ಇಟ್ಟು ನೋಡುವುದು ಒಳ್ಳೆಯದು. ಧಾರವಾಡದ ಕಡೆ ಮಹಿಳೆಯರ ಸ್ವಸಹಾಯ ಸಂಘವೊಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಿದೆ, ‘ಬುತ್ತಿ’ ಎಂಬ ಹೆಸರಿಡಬೇಕೆಂದಿದೆ ಎಂದು ಭಾವಿಸೋಣ. ಸಂಘದವರ ಮನಸ್ಸಿನಲ್ಲಿ ಮೊದಲು ಮೂಡುವ ಚಿತ್ರ ಇಂಥದ್ದಾಗಿರುತ್ತದೆ: ಇಳಕಲ್ ಸೀರೆಯುಟ್ಟ ಹೆಣ್ಣುಮಗಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ, ಹಿಂದೆ ಜೋಳದ ತೆನೆಗಳಿವೆ, ಮೇಲೆ ಸೂರ್ಯ ಇದ್ದಾನೆ. ಗೋಡೆಗೆ ಹಾಕಲು ಇದು ಸೊಗಸಾದ ಚಿತ್ರ, ಪೊಟ್ಟಣದ ಹಿಂಬದಿಗೂ ಹೊಂದಬಹುದು. ಲೋಗೋ ಆಗಲು ಮಾತ್ರ ಇದಕ್ಕೆ ಎರಡು ಅಡ್ಡಿಗಳಿವೆ. ಬೆರಳಿನುಗುರಿನಷ್ಟು ಜಾಗಕ್ಕೆ ಇಳಿಸಿದರೆ ಒಲೆ ಯಾವುದು, ಸೀರೆಯ ಅಂಚು ಯಾವುದು ಎಂದು ತಿಳಿಯುವುದಿಲ್ಲ ಎಂಬುದು ಮೊದಲನೆಯದು. ರೊಟ್ಟಿ ಮಾರುವ ಬೇರೆಯವರೂ ಇದೇ ಒಲೆ, ಇದೇ ಹೆಣ್ಣುಮಗಳು, ಇದೇ ತೆನೆಯನ್ನು ಹಾಕಿಕೊಂಡಿರುತ್ತಾರೆ ಎಂಬುದು ಎರಡನೆಯದು, ಮತ್ತು ಹೆಚ್ಚು ನಷ್ಟ ತರುವುದು ಇದೇ. ಎಲ್ಲರ ಪೊಟ್ಟಣದ ಮೇಲೂ ಇರುವ ಚಿತ್ರ ಯಾರ ಗುರುತೂ ಆಗಲಾರದು.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಚಿತ್ರ ಬರೆಯುವುದಲ್ಲ, ಲೋಗೋ ಎಲ್ಲೆಲ್ಲಿ ಕುಳಿತುಕೊಳ್ಳುತ್ತದೆ ಎಂದು ಬರೆದಿಟ್ಟುಕೊಳ್ಳುವುದು. ಈ ಸಂಘದ ಮಟ್ಟಿಗೆ ಅದು ಪಾರದರ್ಶಕ ಪ್ಲಾಸ್ಟಿಕ್ ಕವರು, ಚಟ್ನಿಯ ಡಬ್ಬಿಯ ಮುಚ್ಚಳ, ಬಿಲ್ ಪುಸ್ತಕ, ರಬ್ಬರ್ ಸ್ಟ್ಯಾಂಪು, ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಮಿನ ವೃತ್ತ, ಮೇಳಗಳಲ್ಲಿ ಕಟ್ಟುವ ಫ್ಲೆಕ್ಸು, ಅಂಗಡಿಯ ಬೋರ್ಡು. ಇವುಗಳಲ್ಲಿ ಅತಿ ಚಿಕ್ಕದು ಮತ್ತು ಅತಿ ಕಳಪೆ ಮುದ್ರಣದ್ದು ಯಾವುದೋ ಅದಕ್ಕಾಗಿ ವಿನ್ಯಾಸ ಆರಂಭವಾಗಬೇಕು. ಸ್ಟ್ಯಾಂಪಿನಲ್ಲಿ ಗುರುತಾಗುವ ಚಿತ್ರ ಫ್ಲೆಕ್ಸಿನಲ್ಲಿ ತಾನಾಗಿಯೇ ನಿಲ್ಲುತ್ತದೆ. ಫ್ಲೆಕ್ಸಿಗೆಂದು ಬರೆದದ್ದು ಸ್ಟ್ಯಾಂಪಿಗೆ ಇಳಿಯುವುದಿಲ್ಲ. ಹದಿನೈದು ಮಿಲಿಮೀಟರ್ ಅಗಲದಲ್ಲಿ, ಕಪ್ಪು ಮಸಿಯಲ್ಲಿ, ಸಾಧಾರಣ ಪ್ರಿಂಟರಿನಲ್ಲಿ ತೆಗೆದ ಪ್ರತಿಯೇ ಮೊದಲ ಪರೀಕ್ಷೆಯಾಗಲಿ. ಬಣ್ಣದ ಮಾತು ಅದಾದ ಮೇಲೆ.

‘ಬುತ್ತಿ’ಗೆ ಈ ಪರೀಕ್ಷೆ ಹಚ್ಚಿದರೆ ಹೆಣ್ಣುಮಗಳು, ಒಲೆ, ಸೂರ್ಯ ಒಂದೊಂದಾಗಿ ಹೊರಗೆ ಹೋಗುತ್ತಾರೆ. ಉಳಿಯಬಹುದಾದದ್ದು ಬುತ್ತಿಯ ಗಂಟು: ಕೆಳಗೆ ಉಬ್ಬಿದ ಒಂದು ದುಂಡು ಆಕಾರ, ಮೇಲೆ ಕಟ್ಟಿದ ಬಟ್ಟೆಯ ಎರಡು ಕಿವಿಗಳು. ಮೂರು ತುಂಬು ಆಕಾರಗಳಲ್ಲಿ ಚಿತ್ರ ಮುಗಿಯುತ್ತದೆ, ನಡುವೆ ಗಂಟನ್ನು ತೋರಿಸಲು ಒಂದು ಬಿಳಿ ಸೀಳು ಸಾಕು. ಬಟ್ಟೆಗೆ ಚೌಕುಳಿ ಹಾಕೋಣ, ನೆರಿಗೆ ತೋರಿಸೋಣ ಎಂಬ ಆಸೆ ಈ ಹಂತದಲ್ಲಿ ಹುಟ್ಟಿಯೇ ಹುಟ್ಟುತ್ತದೆ. ಆ ಗೆರೆಗಳು ಸ್ಟ್ಯಾಂಪಿನಲ್ಲಿ ಕೂಡಿಕೊಂಡು ಕಲೆಯಾಗುವುದರಿಂದ ಆಸೆಯನ್ನು ತಡೆಯಬೇಕು. ಬಿಳಿ ಸೀಳಿನ ಅಗಲವನ್ನೂ ಕಣ್ಣಳತೆಗೆ ತಕ್ಕುದಕ್ಕಿಂತ ಸ್ವಲ್ಪ ಹೆಚ್ಚೇ ಇಡಬೇಕು, ಏಕೆಂದರೆ ಮುದ್ರಣದಲ್ಲಿ ಮಸಿ ಅಂಚು ದಾಟಿ ಹರಡಿ ಸಂದುಗಳನ್ನು ಕಿರಿದಾಗಿಸುತ್ತದೆ. ಗಂಟು ರೊಟ್ಟಿಯನ್ನು ತೋರಿಸುವುದಿಲ್ಲವಲ್ಲ ಎಂಬ ಆಕ್ಷೇಪ ಬಂದರೆ, ರೊಟ್ಟಿ ಪಾರದರ್ಶಕ ಕವರಿನೊಳಗೆ ಎದುರಿಗೇ ಕಾಣುತ್ತಿದೆ ಎಂಬುದೇ ಉತ್ತರ.

ಚಿತ್ರವೇ ಬೇಕೆಂದೂ ಇಲ್ಲ. ಹೆಸರನ್ನು ಚೆನ್ನಾಗಿ ಬರೆದರೆ ಅದೇ ಲೋಗೋ ಆಗಬಲ್ಲದು, ಮತ್ತು ಬಹಳಷ್ಟು ಸಣ್ಣ ಉದ್ಯಮಗಳಿಗೆ ನಾನು ಸೂಚಿಸುವುದು ಅದನ್ನೇ. ಹೊಸ ಉದ್ಯಮಕ್ಕೆ ಹೆಸರು ಪರಿಚಯವಾಗುವುದೇ ಮುಖ್ಯವಾಗಿರುವಾಗ ಚಿತ್ರವೊಂದನ್ನು ಪಕ್ಕದಲ್ಲಿಟ್ಟು ಗಿರಾಕಿಯ ಗಮನವನ್ನು ಇಬ್ಭಾಗ ಮಾಡುವ ಅಗತ್ಯವಿಲ್ಲ. ಆದರೆ ಕನ್ನಡ ಅಕ್ಷರಗಳಲ್ಲಿ ಲೋಗೋ ಮಾಡುವಾಗ ಇಂಗ್ಲಿಷ್ ಲೋಗೋಗಳಿಂದ ಕಲಿತ ಪಾಠಗಳು ಪೂರ್ತಿ ಕೈಹಿಡಿಯುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದು ಪಟ್ಟಿಯೊಳಗೆ ಮೇಲಿಂದ ಕೆಳಗಿನವರೆಗೆ ಸಮವಾಗಿ ನಿಲ್ಲುತ್ತವೆ. ಕನ್ನಡ ಪದಕ್ಕೆ ಮೂರು ಅಂತಸ್ತುಗಳಿವೆ: ಮೇಲೆ ತಲೆಕಟ್ಟು ಮತ್ತು ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. ‘ಬುತ್ತಿ’ಯನ್ನೇ ನೋಡಿ. ‘ಬು’ವಿನ ಕೊಂಬು ಬಲಕ್ಕೆ ಚಾಚುತ್ತದೆ, ‘ತಿ’ಯ ಗುಡಿಸು ಮೇಲಕ್ಕೆ ಸುರುಳಿಯಾಗುತ್ತದೆ, ತ-ಒತ್ತು ಕೆಳಗೆ ಇಳಿಯುತ್ತದೆ. ನಿಗದಿತ ಎತ್ತರದ ಪಟ್ಟಿಯೊಳಗೆ ಈ ಪದವನ್ನು ಕೂರಿಸಿದರೆ ಅಕ್ಷರದ ಮೈಗೆ ಉಳಿಯುವ ಜಾಗ ತುಂಬ ಕಡಿಮೆ. ಆದ್ದರಿಂದಲೇ ಅದೇ ಅಳತೆಯ ಬೋರ್ಡಿನಲ್ಲಿ ಇಂಗ್ಲಿಷ್ ಹೆಸರು ದೊಡ್ಡದಾಗಿಯೂ ಕನ್ನಡದ ಹೆಸರು ಸೊರಗಿದಂತೆಯೂ ಕಾಣುವುದು. ಇದಕ್ಕೆ ಪರಿಹಾರ ಅಕ್ಷರಗಳನ್ನು ಹಿಗ್ಗಿಸುವುದಲ್ಲ. ಹಿಗ್ಗಿಸಿದರೆ ಗೆರೆಯ ದಪ್ಪ ಒಂದೊಂದು ಕಡೆ ಒಂದೊಂದು ತರಹ ಆಗಿ ಪದ ವಿಕಾರವಾಗುತ್ತದೆ. ಒತ್ತಕ್ಷರವನ್ನು ಮೈಗೆ ಹತ್ತಿರ ತಂದು, ಪಕ್ಕದ ಅಕ್ಷರದ ಅಡಿಯಲ್ಲಿರುವ ಖಾಲಿ ಜಾಗಕ್ಕೆ ಸರಿಸಿ, ಬೇಕಾದರೆ ಕೊಂಬಿನ ತುದಿಯೊಡನೆ ಬೆಸೆದು ಕೈಯಿಂದಲೇ ಮತ್ತೆ ಬರೆಯಬೇಕು. ‘ಬು’ವಿನ ಕೊಂಬು ಇಳಿದು ತ-ಒತ್ತಿನ ಮೇಲ್ಭಾಗವನ್ನು ಮುಟ್ಟುವಂತೆ ಬರೆದರೆ ಇಡೀ ಪದ ಒಂದೇ ಗಂಟಿನಂತೆ ಬಿಗಿಯಾಗುತ್ತದೆ, ಚಿತ್ರದ ಅಗತ್ಯವೂ ಬೀಳದಿರಬಹುದು.

ಓದುವಿಕೆಯ ತೊಡಕು ಇನ್ನೊಂದು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸವೆಲ್ಲ ಬುಡದಲ್ಲಿರುವ ಒಂದು ಪುಟ್ಟ ಗೀಟು. ಪ ಮತ್ತು ಷ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಗೆರೆಯಿಂದ. ಹೆಸರಿನಲ್ಲಿ ಇಂಥ ಅಕ್ಷರವಿದ್ದರೆ ಆ ಗೀಟನ್ನು ಫಾಂಟಿನಲ್ಲಿರುವುದಕ್ಕಿಂತ ದಪ್ಪ ಮಾಡಿ, ಒಳಗಿನ ಬಿಳಿ ಜಾಗವನ್ನು ದೊಡ್ಡದು ಮಾಡಬೇಕು. ಹೊಯ್ಸಳ ಶಿಲ್ಪದ ಸುರುಳಿಗಳನ್ನು ನೆನಪಿಸುವ ಅಲಂಕಾರದ ಅಕ್ಷರಗಳು ಮದುವೆಯ ಕರೆಯೋಲೆಗೆ ಒಪ್ಪುತ್ತವೆ, ಐವತ್ತು ಗ್ರಾಂ ಪೊಟ್ಟಣಕ್ಕೆ ಒಪ್ಪುವುದಿಲ್ಲ. ಹೆಸರಿನಲ್ಲಿ ಸೊನ್ನೆ ಬಂದರೆ ಅದನ್ನು ಚಕ್ರ, ಸೂರ್ಯ, ಲಾಡು ಅಥವಾ ರೊಟ್ಟಿಯನ್ನಾಗಿ ಮಾಡುವ ಚಪಲ ಎಲ್ಲ ವಿನ್ಯಾಸಕಾರರಿಗೂ ಇದೆ. ಹೆಸರು ಓದಲು ಬರುತ್ತಿದ್ದರೆ ಮಾಡಿಕೊಳ್ಳಲಿ, ಆದರೆ ಒಂದು ಪದದಲ್ಲಿ ಇಂಥ ಚಮತ್ಕಾರ ಒಂದೇ ಇರಲಿ.

ಅಕ್ಷರ ಬರೆಸಲು ದೊಡ್ಡ ಊರಿನ ಸ್ಟುಡಿಯೋವನ್ನೇ ಹುಡುಕಬೇಕಾಗಿಲ್ಲ. ಫ್ಲೆಕ್ಸ್ ಬರುವ ಮೊದಲು ಬೋರ್ಡ್ ಬರೆಯುತ್ತಿದ್ದ ಕಲಾವಿದರು ತಾಲ್ಲೂಕು ಕೇಂದ್ರಗಳಲ್ಲಿ ಈಗಲೂ ಇದ್ದಾರೆ. ಅವರ ಕೈಯಿಂದ ಹೆಸರನ್ನು ಹತ್ತಾರು ಬಗೆಯಲ್ಲಿ ಬರೆಸಿ, ಹಿಡಿಸಿದ್ದನ್ನು ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಅಂಚುಗಳನ್ನು ತಿದ್ದಿಸಿದರೆ ಬೇರೆ ಯಾರ ಬಳಿಯೂ ಇಲ್ಲದ ಅಕ್ಷರರೂಪ ಸಿಗುತ್ತದೆ. ಇದು ಆಗದಿದ್ದರೆ ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಮೊದಲಾದ ಯೂನಿಕೋಡ್ ಫಾಂಟುಗಳು ಮುಕ್ತ ಪರವಾನಗಿಯಲ್ಲಿವೆ, ಅವುಗಳನ್ನು ವ್ಯಾಪಾರದ ಲೋಗೋಗೂ ಬಳಸಬಹುದು. ಆದರೆ ಫಾಂಟಿನ ಅಕ್ಷರವನ್ನು ಇದ್ದದ್ದು ಇದ್ದಂತೆ ಟೈಪ್ ಮಾಡಿ ಬಿಟ್ಟರೆ ಅದು ಲೋಗೋ ಆಗುವುದಿಲ್ಲ. ಅಂತರ, ಒತ್ತು, ಗೆರೆಯ ತುದಿ ಇವುಗಳಲ್ಲಿ ಎಲ್ಲಾದರೂ ಕೈ ಆಡಲೇಬೇಕು. ಎಐ ಮೂಲಕ ಚಿತ್ರ ತಯಾರಿಸುವ ತಂತ್ರಾಂಶಗಳು ಕನ್ನಡದ ಒತ್ತಕ್ಷರಗಳನ್ನು ತಪ್ಪಾಗಿ ಬರೆಯಬಹುದು. ಅವುಗಳಿಂದ ಹೊಳಹು ಪಡೆದರೂ ಅಕ್ಷರವನ್ನು ಒಂದೊಂದಾಗಿ ಪರಿಶೀಲಿಸದೆ ಅಚ್ಚಿಗೆ ಕಳುಹಿಸಬಾರದು.

ಕರ್ನಾಟಕದಲ್ಲಿ ಅಂಗಡಿ ಇಡುವವರಿಗೆ ಕನ್ನಡದ ರೂಪ ಕಾನೂನಿನ ದೃಷ್ಟಿಯಿಂದಲೂ ಮುಖ್ಯ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಇಂಗ್ಲಿಷಿನಲ್ಲಿ ಲೋಗೋ ಮಾಡಿಸಿ, ಬೋರ್ಡಿನ ಹೊತ್ತಿಗೆ ಯಾವುದೋ ಫಾಂಟಿನಲ್ಲಿ ಕನ್ನಡ ಸೇರಿಸುವ ರೂಢಿಯಿಂದ ಒಂದೇ ಅಂಗಡಿಗೆ ಎರಡು ಮುಖಗಳಾಗುತ್ತವೆ. ಎರಡು ಲಿಪಿಗಳೂ ಬೇಕಿದ್ದರೆ ಕನ್ನಡವನ್ನು ಮೊದಲು ಬರೆದು, ಅದರ ಗೆರೆಯ ದಪ್ಪಕ್ಕೂ ದುಂಡುತನಕ್ಕೂ ಹೊಂದುವ ಇಂಗ್ಲಿಷ್ ಅಕ್ಷರಗಳನ್ನು ಆಮೇಲೆ ಆರಿಸಬೇಕು. ದುಂಡಗಿನ ಕನ್ನಡಕ್ಕೆ ಜೋಡಿ ಹುಡುಕುವುದು ಸುಲಭ, ಮೊನಚಾದ ಇಂಗ್ಲಿಷಿಗೆ ಕನ್ನಡವನ್ನು ಬಗ್ಗಿಸುವುದು ಕಷ್ಟ.

ಬಣ್ಣವನ್ನು ಆರಿಸುವಾಗ ಇಷ್ಟಾನಿಷ್ಟದ ಮಾತಿಗೆ ಮೊದಲು ಮುದ್ರಣದ ಲೆಕ್ಕ ಬರಬೇಕು. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಪ್ರತಿ ಬಣ್ಣಕ್ಕೂ ಒಂದು ಸ್ಕ್ರೀನ್ ಬೇಕು, ದೊಡ್ಡ ಪ್ರಮಾಣದಲ್ಲಿ ಪೌಚ್ ಮುದ್ರಿಸುವಾಗ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಬೇಕು; ಬಣ್ಣ ಹೆಚ್ಚಿದಂತೆ ಖರ್ಚು ಹೆಚ್ಚುತ್ತದೆ, ಒಂದರ ಮೇಲೊಂದು ಸರಿಯಾಗಿ ಕೂರದೆ ಅಂಚು ಜಾರುವ ಸಂಭವವೂ ಹೆಚ್ಚುತ್ತದೆ. ಒಂದು ಅಥವಾ ಎರಡು ತುಂಬು ಬಣ್ಣ ಸಾಕು. ಕಡುವಿನಿಂದ ತಿಳಿಗೆ ಇಳಿಯುವ ಛಾಯೆಗಳು ಮೊಬೈಲಿನಲ್ಲಿ ಮಿಂಚುತ್ತವೆ, ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಚುಕ್ಕೆಗಳಾಗಿ ಒಡೆಯುತ್ತವೆ. ಪರದೆಯ ಮೇಲಿನ ಉಜ್ವಲ ಹಸಿರು, ಕಿತ್ತಳೆ ಬಣ್ಣಗಳು ಆಫ್‌ಸೆಟ್ ಮುದ್ರಣದಲ್ಲಿ ಮಂಕಾಗುವುದರಿಂದ, ಬಣ್ಣವನ್ನು ಕಾಗದದ ಮೇಲೆ ನೋಡಿಯೇ ಒಪ್ಪಬೇಕು. ರೊಟ್ಟಿಯ ಪಾರದರ್ಶಕ ಕವರಿನದು ಇನ್ನೊಂದು ಕಥೆ: ಅಲ್ಲಿ ಹಳದಿಯಂಥ ತಿಳಿ ಬಣ್ಣವನ್ನು ನೇರವಾಗಿ ಮುದ್ರಿಸಿದರೆ ಹಿಂದಿರುವ ಜೋಳದ ರೊಟ್ಟಿಯ ಬಣ್ಣದೊಳಗೆ ಅದು ಕರಗಿಹೋಗುತ್ತದೆ. ಮೊದಲು ಬಿಳಿಯ ಪದರ ಹಾಕಿ ಅದರ ಮೇಲೆ ಮುದ್ರಿಸಬೇಕು, ಇಲ್ಲವೇ ಕಡು ಕೆಂಪು, ಕಡು ನೀಲಿಯಂಥ ಬಣ್ಣವನ್ನು ಆರಿಸಬೇಕು. ಆಹಾರದ ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು ಮತ್ತು ಹದಿನಾಲ್ಕು ಅಂಕಿಯ ಸಂಖ್ಯೆ ಕಡ್ಡಾಯ, ಸಸ್ಯಾಹಾರಕ್ಕೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆಯೂ ಕಡ್ಡಾಯ. ಹೀಗಿರುವಾಗ ಚೌಕದೊಳಗೆ ಹಸಿರು ವೃತ್ತವಿರುವ ಲೋಗೋವನ್ನು ಆಹಾರದ ಉದ್ಯಮ ಮಾಡಿಸಿಕೊಂಡರೆ ಗಿರಾಕಿಯ ಕಣ್ಣಿಗೆ ಎರಡೂ ಒಂದೇ ಆಗುತ್ತವೆ.

ವಿನ್ಯಾಸ ಮುಗಿದ ಮೇಲೆ ಕೈಗೆ ಬರಬೇಕಾದದ್ದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಜೆಪೆಗ್ ಚಿತ್ರವಲ್ಲ. ಅದು ಚುಕ್ಕೆಗಳಿಂದಾದ ಚಿತ್ರವಾದ್ದರಿಂದ ಹತ್ತಡಿ ಬೋರ್ಡಿಗೆ ಹಿಗ್ಗಿಸಿದರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗುತ್ತದೆ. ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸಿ ಕಳುಹಿಸಿರುವುದರಿಂದ ಇನ್ನಷ್ಟು ಕೆಟ್ಟಿರುತ್ತದೆ. ಗೆರೆಗಳ ಲೆಕ್ಕವನ್ನೇ ಇಟ್ಟುಕೊಂಡಿರುವ ವೆಕ್ಟರ್ ಕಡತ ಬೇಕು. ನಮ್ಮ ಮುದ್ರಣಾಲಯಗಳಲ್ಲಿ ಕೋರಲ್‌ಡ್ರಾ ತಂತ್ರಾಂಶದ ಬಳಕೆ ಹೆಚ್ಚಾದ್ದರಿಂದ ಅದರ ಸಿಡಿಆರ್ ಫೈಲ್ ಜೊತೆಗೆ ಎಸ್‌ವಿಜಿ ಮತ್ತು ಪಿಡಿಎಫ್ ಕೇಳಿ ಪಡೆಯಬೇಕು. ಕನ್ನಡದ ಲೋಗೋಗೆ ಒಂದು ಹೆಚ್ಚುವರಿ ಎಚ್ಚರ ಅಗತ್ಯ. ನುಡಿ, ಬರಹ, ಶ್ರೀಲಿಪಿಯಂಥ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಹೆಸರು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯೂನಿಕೋಡ್ ಆದರೂ ಹಳೆಯ ತಂತ್ರಾಂಶದಲ್ಲಿ ಒತ್ತಕ್ಷರ ಬಿಡಿಬಿಡಿಯಾಗಬಹುದು. ಹೀಗಾಗಿ ಅಂತಿಮ ಕಡತದಲ್ಲಿ ಅಕ್ಷರಗಳನ್ನು ‘ಕರ್ವ್ಸ್’ ಮಾಡಿಸಿ, ಅಂದರೆ ಟೈಪ್ ಮಾಡಿದ ಅಕ್ಷರವನ್ನು ಕೇವಲ ಆಕಾರವಾಗಿ ಪರಿವರ್ತಿಸಿ ಪಡೆದಿಟ್ಟುಕೊಳ್ಳಬೇಕು.

ಒಪ್ಪುವ ಮೊದಲು ಲೋಗೋವನ್ನು ಕುಟುಂಬದ ಗುಂಪಿಗೆ ಕಳುಹಿಸಿ ಮತ ಎಣಿಸುವುದರಿಂದ ಪ್ರಯೋಜನ ಕಡಿಮೆ, ಅಲ್ಲಿ ಎಲ್ಲವಕ್ಕೂ ಸೂಪರ್ ಎಂಬ ಉತ್ತರವೇ ಬರುತ್ತದೆ. ನಿಜವಾದ ಅಳತೆಯಲ್ಲಿ ಮುದ್ರಿಸಿ, ಪೊಟ್ಟಣಕ್ಕೆ ಅಂಟಿಸಿ, ಬೇರೆಯವರ ಪೊಟ್ಟಣಗಳ ನಡುವೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಬೇಕು. ಒಮ್ಮೆ ನೋಡಿದವರಿಗೆ ಮರುದಿನ ಕಾಗದ ಕೊಟ್ಟು ನೆನಪಿನಿಂದ ಗೀಚಲು ಹೇಳಬೇಕು. ಗೀಚಿದ್ದು ಸುಮಾರಾಗಿ ಹೋಲಿದರೂ ಲೋಗೋ ತನ್ನ ಕೆಲಸ ಮಾಡಿದೆ ಎಂದೇ ತಿಳಿಯಬಹುದು.

ಕಾನೂನಿನ ಭಾಗವನ್ನು ಹಲವರು ಕೊನೆಗೆ ನೋಡುತ್ತಾರೆ, ಆದರೆ ಹೆಸರಿನ ಹುಡುಕಾಟ ಎಲ್ಲಕ್ಕಿಂತ ಮೊದಲೇ ಆಗಬೇಕು. ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಅದೇ ಹೆಸರು, ಅದೇ ಉಚ್ಚಾರದ ಹೆಸರು ಈಗಾಗಲೇ ಇದೆಯೇ ಎಂದು ಉಚಿತವಾಗಿ ಹುಡುಕಬಹುದು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ. ರೊಟ್ಟಿ, ಮಸಾಲೆ 30ನೆಯ ವರ್ಗಕ್ಕೆ ಸೇರಿದರೆ ಉಪ್ಪಿನಕಾಯಿ 29ಕ್ಕೆ, ಖಾನಾವಳಿ 43ಕ್ಕೆ ಸೇರುತ್ತದೆ. ‘ಶುದ್ಧ ಜೋಳದ ರೊಟ್ಟಿ’ ಎಂಬಂಥ, ಸರಕನ್ನೇ ವರ್ಣಿಸುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ರಾಷ್ಟ್ರಲಾಂಛನ, ಗಂಡಭೇರುಂಡವಿರುವ ರಾಜ್ಯ ಸರ್ಕಾರದ ಲಾಂಛನ ಮೊದಲಾದವನ್ನು ವ್ಯಾಪಾರಕ್ಕೆ ಬಳಸುವುದನ್ನು, ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆ ತಡೆಯುವ 1950ರ ಕಾಯ್ದೆ ನಿರ್ಬಂಧಿಸುತ್ತದೆ. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು, ಸ್ಟಾರ್ಟ್‌ಅಪ್‌ಗಳು ಮತ್ತು ಸಣ್ಣ ಉದ್ಯಮಗಳು 2017ರ ನಿಯಮಗಳ ಪ್ರಕಾರ ಒಂದು ವರ್ಗಕ್ಕೆ ₹4,500 ಕಟ್ಟಬೇಕು, ಉಳಿದವರಿಗೆ ₹9,000. ನೋಂದಣಿ ಹತ್ತು ವರ್ಷ ಇರುತ್ತದೆ, ನವೀಕರಿಸಬಹುದು. ಬಣ್ಣದ ಮಿತಿ ಹಾಕಿಕೊಳ್ಳದೆ ನೋಂದಾಯಿಸಿದ ಗುರುತು ಎಲ್ಲ ಬಣ್ಣಗಳಿಗೂ ನೋಂದಾಯಿತವಾದಂತೆ ಎಂದು 1999ರ ಟ್ರೇಡ್‌ಮಾರ್ಕ್ ಕಾಯ್ದೆ ಹೇಳುವುದರಿಂದ, ಕಪ್ಪುಬಿಳುಪಿನಲ್ಲಿ ಅರ್ಜಿ ಹಾಕುವುದು ಲಾಭ. ನೋಂದಣಿಯಾಗುವ ಮೊದಲೇ ವೃತ್ತದೊಳಗಿನ ‘ಆರ್’ ಗುರುತನ್ನು ಹಾಕಿಕೊಳ್ಳುವುದು ಅಪರಾಧ. ಅಲ್ಲಿಯವರೆಗೆ ‘ಟಿಎಂ’ ಎಂದು ಹಾಕಬಹುದು. ಲೋಗೋ ಮೊದಲ ಸಲ ಅಚ್ಚಾದ ಬಿಲ್ಲು, ಲೇಬಲ್ಲುಗಳನ್ನು ದಿನಾಂಕದೊಂದಿಗೆ ಜೋಪಾನವಾಗಿಡಬೇಕು, ಏಕೆಂದರೆ ಯಾರು ಮೊದಲು ಬಳಸಿದರು ಎಂಬ ತಕರಾರಿನಲ್ಲಿ ಇವೇ ಸಾಕ್ಷಿ.

ಹಣ ಕೊಟ್ಟು ಮಾಡಿಸಿದ್ದರಿಂದ ಲೋಗೋ ತಮ್ಮದಾಯಿತು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಸಂಬಳದ ನೌಕರರಲ್ಲದ ಹೊರಗಿನ ವಿನ್ಯಾಸಕಾರರು ಬರೆದುಕೊಟ್ಟ ಲೋಗೋದ ಕೃತಿಸ್ವಾಮ್ಯ, ಲಿಖಿತವಾಗಿ ಸಹಿ ಮಾಡಿ ವರ್ಗಾಯಿಸದಿದ್ದರೆ ಸಾಮಾನ್ಯವಾಗಿ ಅವರ ಬಳಿಯೇ ಉಳಿಯುತ್ತದೆ. ಬರೆದುಕೊಟ್ಟ ಪತ್ರದಲ್ಲಿ ಅವಧಿ ನಮೂದಾಗದಿದ್ದರೆ ವರ್ಗಾವಣೆ ಐದು ವರ್ಷಕ್ಕೆ, ಪ್ರದೇಶ ನಮೂದಾಗದಿದ್ದರೆ ಭಾರತಕ್ಕೆ ಮಾತ್ರ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಂ ಭಾವಿಸುತ್ತದೆ. ಹೊರದೇಶದ ಕನ್ನಡಿಗರಿಗೆ ರೊಟ್ಟಿ ಕಳುಹಿಸುವ ಯೋಚನೆ ಇರುವವರು ಆ ಪತ್ರದಲ್ಲಿ ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ’ ಎಂದು ಸ್ಪಷ್ಟವಾಗಿ ಬರೆಸಿ, ಕೊನೆಯ ಕಂತಿನ ಹಣ ಕೊಡುವ ಮೊದಲೇ ಸಹಿ ಹಾಕಿಸಿಕೊಳ್ಳುವುದು ಕ್ಷೇಮ.